ಬಕಾಸುರನ ವಕೀಲ

ಹಿರೇಬಾವಿ ತೋಟದ ಶಾಲೆಗೆ ವೃಷಭ ಸರ್ ಬಂದ ಹೊಸತರಲ್ಲಿ, ಅಲ್ಲಿನ ಮಕ್ಕಳಿಗೆ ಬಾಯಿ ಇರುವುದು ಉಣ್ಣಲಿಕ್ಕಷ್ಟೇ ಏನೋ ಅನ್ನಿಸುವಂತಿತ್ತು. ಮೈದಾನದಲ್ಲಿ ಕಿವಿ ಹರಿಯುವ ಗದ್ದಲ. ಅದೇ ಮಕ್ಕಳಿಗೆ ವರ್ಗದೊಳಗೆ ಎದ್ದು ನಿಂತು ಎರಡು ಮಾತು ಹೇಳು ಅಂದರೆ ಸಾಕು, ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತುಬಿಡುತ್ತಿದ್ದವು. ಮಂಗಸೂಳಿಯಿಂದ ನಾಲ್ಕು ಕಿಲೋಮೀಟರ್ ಒಳಗೆ, ಕಬ್ಬಿನ ಹೊಲ, ದ್ರಾಕ್ಷಿ ಪಡಗಳ ನಡುವೆ ಎರಡು ಕೋಣೆ, ಒಂದು ಅಡುಗೆಮನೆ ಇರುವ ಶಾಲೆ ಅದು. ಕಾಗದದ ಮೇಲೆ ಇಬ್ಬರು ಮಾಸ್ತರರು. ಅವರಲ್ಲಿ ಒಬ್ಬರು ಡೆಪ್ಯುಟೇಶನ್ ಮೇಲೆ ಹೋಗಿ ವರ್ಷ ದಾಟಿತ್ತು. ಹಾಗಾಗಿ ಹೆಡ್ ಮಾಸ್ತರರೂ ವೃಷಭ ಸರ್ ಅವರೇ, ಗಂಟೆ ಹೊಡೆಯುವವರೂ ಅವರೇ. ಮಕ್ಕಳ ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ. ಮಾತು ಗಂಟಲಿನ ತನಕ ಬಂದು, ಯಾವ ಬಾಗಿಲಿನಿಂದ ಹೊರಗೆ ಹೋಗಲಿ ಎಂದು ಅಲ್ಲೇ ನಿಲ್ಲುತ್ತಿತ್ತು.

ವೃಷಭ ಸರ್ ಏಕಸಂಬಿಯ ಜೈನ ಒಕ್ಕಲು ಮನೆತನದವರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಶೀಲ್ಡು ಮೂರು ವರ್ಷ ಅವರದೇ. ಅಂಥವರು ಈ ಮೌನ ಹೇಗೆ ಸಹಿಸಬೇಕು? ಮೊದಮೊದಲು ಎಲ್ಲ ಮಾಸ್ತರರು ಮಾಡುವುದನ್ನೇ ಅವರೂ ಮಾಡಿದರು. ಶನಿವಾರದ ಬೆಳಗಿನ ಶಾಲೆಯಲ್ಲಿ ಭಾಷಣ ಇಟ್ಟರು: ಸ್ವಚ್ಛತೆ, ಪರಿಸರ, ಸಮಯದ ಮಹತ್ವ. ಮಕ್ಕಳು ಬಾಯಿಪಾಠ ಮಾಡಿಕೊಂಡು ಬಂದು, ಮೂರನೇ ಸಾಲಿಗೆ ಮರೆತು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತವು. ಅಲ್ಲ, ಹತ್ತು ವರ್ಷದ ಕೂಸಿಗೆ ಸಮಯದ ಮಹತ್ವದ ಮೇಲೆ ಏನು ಆವೇಶ ಬರಬೇಕು ಹೇಳಿ.

ಒಂದು ದಿನ ಊಟದ ಬಿಡುವಿನಲ್ಲಿ ಕೈ ತೊಳೆಯುವ ನಲ್ಲಿಯ ಹತ್ತಿರ ಜಗಳ ಕೇಳಿಸಿತು. ಕಾಗವಾಡದಲ್ಲಿ ದೊಡ್ಡ ಮದುವೆ ಇದೆ, ಬಕಾಸುರನನ್ನೂ ಕುಂಭಕರ್ಣನನ್ನೂ ಕರೆದಿದ್ದಾರೆ. ಹೆಚ್ಚು ಹೋಳಿಗೆ ತಿನ್ನುವವರು ಯಾರು? ವರ್ಗದಲ್ಲಿ ತುಟಿ ಪಿಟಕ್ಕೆನ್ನದ ಹುಡುಗರು ಅಲ್ಲಿ ಕುತ್ತಿಗೆಯ ನರ ಉಬ್ಬಿಸಿ ವಾದ ಮಾಡುತ್ತಿದ್ದರು. ಕುಂಭಕರ್ಣ ಎದ್ದರೆ ತಾನೇ ಉಣ್ಣುವುದು, ಮುಹೂರ್ತ ಮೀರಿದ ಮೇಲೆ ಎದ್ದರೆ ಖಾಲಿ ಪಾತ್ರೆ ನೆಕ್ಕಬೇಕು ಎಂದು ಒಬ್ಬ ಹೇಳಿದಾಗ ಕಿಟಕಿಯ ಹಿಂದೆ ನಿಂತಿದ್ದ ವೃಷಭ ಸರ್ ಅವರಿಗೆ ನಗು ತಡೆಯಲಾಗಲಿಲ್ಲ. ಆ ಶನಿವಾರವೇ ಆಟ ಶುರುವಾಯಿತು.

ಆಟಕ್ಕೆ ಮಕ್ಕಳು ಇಟ್ಟ ಹೆಸರು ರಾಕ್ಷಸರ ಕೋರ್ಟು. ಡಬ್ಬಿಯಲ್ಲಿ ಚೀಟಿ. ರಾಕ್ಷಸನ ಪರ ಬಂದರೆ ರಾಕ್ಷಸನ ಪರ, ವಿರುದ್ಧ ಬಂದರೆ ವಿರುದ್ಧ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ, ಚೀಟಿಗೆ ತಕ್ಕಂತೆ ಮಾತಾಡಬೇಕು. ಕನ್ನಡ ಸಿಗದಿದ್ದರೆ ಮರಾಠಿ, ಅದೂ ಸಿಗದಿದ್ದರೆ ಕೈಸನ್ನೆ. ಆದರೆ ನಡುವೆ ನಿಲ್ಲುವ ಹಾಗಿಲ್ಲ. ಕುಂಭಕರ್ಣನನ್ನು ಅರ್ಧ ನಿದ್ದೆಯಲ್ಲಿ ಎಬ್ಬಿಸಿದ್ದು ಸರಿಯೇ? ಹಿಡಿಂಬೆ ತನ್ನ ಅಣ್ಣನ ಮಾತು ಮೀರಿದ್ದು ತಪ್ಪೇ? ಎರಡು ತಿಂಗಳಾಗುವಷ್ಟರಲ್ಲಿ ಶನಿವಾರ ಅಂದರೆ ಮಕ್ಕಳು ಶಾಲೆಯಲ್ಲಿ ಕೊಡುವ ಹಾಲಿಗೂ ಕಾಯದೆ ಬಂದು ಕೂರುವಂತಾದವು.

ಐದನೇ ಇಯತ್ತೆಯ ನೀಲಮ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕರೆದಾಗ ಒಂದು "ಹಾಜರ್ರಿ", ಮುಗಿಯಿತು. ಅವಳ ಮನೆಯಲ್ಲಿ ಮಾತೆಲ್ಲ ಅಜ್ಜಿ ಸೋನಾಬಾಯಿಯದು. ಮಲ್ಲಯ್ಯನ ಭಕ್ತೆ, ಸೊಂಟದಲ್ಲಿ ಸದಾ ಭಂಡಾರದ ಅರಿಷಿಣದ ಚೀಲ, ಎದುರಿಗಿದ್ದವರು ಉತ್ತರ ಹುಡುಕುವಷ್ಟರಲ್ಲಿ ಮುಂದಿನ ನಾಲ್ಕು ಮಾತು ಹೇಳಿ ಮುಗಿಸಿರುವ ಹೆಂಗಸು. ಅಂಥ ಮನೆಯ ಮೊಮ್ಮಗಳು ಸುಮ್ಮನಿರುವುದನ್ನೇ ಕಲಿತಿದ್ದಳು.

ಆಗಸ್ಟಿನ ಒಂದು ಶನಿವಾರ ನೀಲಮಳ ಕೈಗೆ ಬಕಾಸುರನ ಪರ ಚೀಟಿ ಬಂತು. ಎದ್ದು ನಿಂತಳು. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು. ಮಕ್ಕಳು ಕಿಸಕ್ಕನೆ ನಗತೊಡಗಿದವು. ವೃಷಭ ಸರ್ ಅವಳನ್ನು ಕೂರಿಸಬೇಕೆಂದು ಬಾಯಿ ತೆರೆದರು, ಅಷ್ಟರಲ್ಲಿ ಹುಡುಗಿ ನೆಲ ನೋಡುತ್ತಲೇ ಶುರು ಮಾಡಿದಳು.

"ಬಕಾಸುರಗ ಹಸಿವಿ ಆಗಿತ್ರಿ. ಬಂಡಿ ತುಂಬ ಅನ್ನ ಕಳಸ್ತೀವಿ ಅಂತ ಊರಾನ ಮಂದಿ ಮಾತ ಕೊಟ್ಟಿದ್ರು. ಭೀಮ ದಾರ್ಯಾಗ ಬಂಡಿ ನಿಂದ್ರಿಸಿ ಆ ಅನ್ನ ತಾನ ಉಂಡ. ಮಂದಿ ಅನ್ನ ಉಂಡಾವ ಯಾರ್ರಿ? ಮತ್ತ ಹೊಡತ ತಿಂದಾವ ಯಾರ್ರಿ?"

ವರ್ಗದಲ್ಲಿ ಎದ್ದ ಕೂಗಿಗೆ ಅಡುಗೆಮನೆಯಿಂದ ಪದ್ಮವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು. ಆ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದ ವಿಧವೆ ಅವಳು. ಯಾವ ಮಗುವಿಗೆ ಸಾರು ಖಾರ, ಯಾವ ಮಗು ಮನೆಯಲ್ಲಿ ಉಣ್ಣದೆ ಬಂದಿದೆ ಎಂಬುದು ಅವಳಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ನೀಲಮಳ ಗಲ್ಲ ಹಿಡಿದು, ಇಷ್ಟು ದಿನ ಈ ಮಾತು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಕೇಳಿದಳು. ಮುಂದಿನ ವಾರ ಅದೇ ನೀಲಮಳಿಗೆ ಬಕಾಸುರನ ವಿರುದ್ಧ ಚೀಟಿ ಬಂತು. ಹಿಂದಿನ ವಾರದ ತನ್ನದೇ ವಾದವನ್ನು ಒಂದೊಂದಾಗಿ ಮುರಿದು ಹಾಕಿದಳು ನೋಡಿ, ವೃಷಭ ಸರ್ ಅವರಿಗೆ ಕಣ್ಣು ತುಂಬಿ ಬಂತು. ತಾವು ಮಾಸ್ತರಿಕೆಗೆ ಬಂದದ್ದು ಸಾರ್ಥಕ ಅನ್ನಿಸಿದ್ದು ಅವತ್ತೇ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಮುಂದೆ ಆದದ್ದನ್ನು ನೆನೆಸಿಕೊಂಡರೆ ವೃಷಭ ಸರ್ ಅವರಿಗೆ ಈಗಲೂ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಕೋರ್ಟು ಅಂದ ಮೇಲೆ ಆಣೆ ಬೇಡವೇ ಎಂದು ಮಕ್ಕಳೇ ಕೇಳಿದವು. ಆ ಸೀಮೆಯಲ್ಲಿ ಆಣೆ ಅಂದರೆ ಭಂಡಾರ. ಮಲ್ಲಯ್ಯನ ಹೆಸರಿನ ಅರಿಷಿಣ ಪುಡಿ ಅಂಗೈಯಲ್ಲಿ ಹಿಡಿದು ನಾನು ಹೇಳುವುದು ಖರೆ ಅಂದರೆ ಮುಗಿಯಿತು. ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಅದರ ಮುಂದೆ ಮಾತಿಲ್ಲ. ಭಂಡಾರ ಎತ್ತಿ ಸುಳ್ಳು ಹೇಳಿದವನ ಮನೆಯ ನೀರು ಕೂಡ ಕುಡಿಯದವರಿದ್ದಾರೆ. ಒಬ್ಬ ಹುಡುಗ ಅಡುಗೆಮನೆಗೆ ಓಡಿಹೋಗಿ ಅರಿಷಿಣ ಕೇಳಿದ. ಪದ್ಮವ್ವ ಡಬ್ಬಿ ಕೊಡದೆ ತಾನೇ ಬಾಗಿಲ ತನಕ ಬಂದಳು.

"ಸರ್, ಇದನ್ನ ಆಟದಾಗ ತರಬ್ಯಾಡ್ರಿ."

ಸಾರಿಗೆ ಹಾಕುವ ಅರಿಷಿಣ ತಾನೇ ಪದ್ಮವ್ವಾ, ದೇವರ ಮುಂದಿನದಲ್ಲವಲ್ಲ ಎಂದು ವೃಷಭ ಸರ್ ನಕ್ಕರು. ಅವರ ಮನೆತನದಲ್ಲಿ ಭಂಡಾರ ಎತ್ತಿದವರಿಲ್ಲ. ಅದರ ಭಾರ ಅವರ ಅಂಗೈಗೆ ಗೊತ್ತಿರಲಿಲ್ಲ. ಮಕ್ಕಳ ಮಾತಿಗೆ ಇನ್ನಷ್ಟು ರಂಗು ಬರುತ್ತದೆ ಎಂಬುದಷ್ಟೇ ಅವರ ತಲೆಯಲ್ಲಿ. ಮಾಸ್ತರರ ಮಾತಿಗೆ ಎದುರಾಡಿ ಗೊತ್ತಿಲ್ಲದ ಪದ್ಮವ್ವ ಒಂದು ಚಿಟಿಕೆ ಅರಿಷಿಣ ಕಾಗದದಲ್ಲಿ ಹಾಕಿ ಕೊಟ್ಟಳು. ಅಂದಿನಿಂದ ಪ್ರತಿ ಶನಿವಾರ ಮಕ್ಕಳು ಭಂಡಾರ ಎತ್ತಿದವು. ನೀಲಮ ಅಂಗೈ ಹಳದಿ ಮಾಡಿಕೊಂಡು, ಹೇಳುವುದೆಲ್ಲ ಖರೆ ಎಂದು ಆಣೆ ಇಟ್ಟು, ಒಂದು ವಾರ ಬಕಾಸುರನನ್ನು ಬಿಡಿಸಿದಳು, ಇನ್ನೊಂದು ವಾರ ಗಲ್ಲಿಗೇರಿಸಿದಳು. ಸುದ್ದಿ ಹಬ್ಬಿ ದೊಡ್ಡವರೂ ಬಂದು ಪಡಸಾಲೆಯಲ್ಲಿ ಕೂತು ನೋಡತೊಡಗಿದರು. ಶಾಲೆಯ ಸಮಿತಿಯ ಅಧ್ಯಕ್ಷ ಆಬಾಸಾಹೇಬರಂತೂ ಬಿದ್ದು ಬಿದ್ದು ನಕ್ಕರು. ಬಕಾಸುರನ ವಕೀಲ ಎಂಬ ಹೆಸರು ಇಟ್ಟವರು ಅವರೇ.

ಆಬಾಸಾಹೇಬರೆಂದರೆ ಹದಿನೆಂಟು ಎಕರೆ ದ್ರಾಕ್ಷಿ. ಶಾಲೆ ನಿಂತ ಜಾಗ ಅವರ ಅಜ್ಜ ಕೊಟ್ಟದ್ದು, ಬೋರ್ ಹಾಕಿಸಿದ್ದು ಅವರು. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅಂಥವರ ಋಣ ಹೊರುವುದು ಬಹಳ ಕಷ್ಟ, ಯಾಕೆಂದರೆ ಅವರು ಅದನ್ನು ಎಂದೂ ಬಾಯಿಬಿಟ್ಟು ನೆನಪಿಸುವುದಿಲ್ಲ.

ಸೆಪ್ಟೆಂಬರಿನಲ್ಲಿ ಆಬಾಸಾಹೇಬರ ಮಗಳ ಸಾಕರಪುಡಾ ನಿಗದಿಯಾಯಿತು. ನಿಶ್ಚಿತಾರ್ಥಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರ ತಮ್ಮನ ಮಗ ಅಮೋಲ ಟಮ್‌ಟಮ್ ತಂದು ನಿಲ್ಲಿಸಿದ. ದೊಡ್ಡ ಪಾತ್ರೆಗಳು ಬೇಕಾಗಿವೆ, ಕಾಕಾ ಹೇಳಿದ್ದಾರೆ ಅಂದ. ಅಡುಗೆಮನೆಗೆ ಎರಡು ಕೀಲಿಕೈ: ಒಂದು ಪದ್ಮವ್ವನ ಹತ್ತಿರ, ಇನ್ನೊಂದು ಹೆಡ್ ಮಾಸ್ತರರ ಹತ್ತಿರ. ಹೊರಗಿನವರ ಕೈಗೆ ಕೊಡಬಾರದು ಎಂಬ ನಿಯಮ ವೃಷಭ ಸರ್ ಅವರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಆಬಾಸಾಹೇಬರ ಮನೆಯ ಕೆಲಸ. ಕಿಸೆಯಿಂದ ಕೀಲಿಕೈ ತೆಗೆದು ಕೊಟ್ಟು, ಬೈಕ್ ಹತ್ತಿ ಮಂಗಸೂಳಿಯ ತಮ್ಮ ಬಾಡಿಗೆ ಕೋಣೆಗೆ ಹೋದರು. ಭಾನುವಾರ ಸಾಕರಪುಡಾದ ಊಟಕ್ಕೆ ಅವರೂ ಹೋಗಿದ್ದರು. ಹಾಲಿನ ಬಾಸುಂದಿ ಗಟ್ಟಿಯಾಗಿ, ಘಮ್ಮೆಂದು ಬಂದಿತ್ತು. ಎರಡು ಬಟ್ಟಲು ಉಂಡರು. ಅಲ್ಲೇ ಪಂಕ್ತಿಯಲ್ಲಿ ಅಮೋಲ ಕೀಲಿಕೈ ತಂದು ಕೊಟ್ಟ.

ಸೋಮವಾರ ಬೆಳಿಗ್ಗೆ ಪದ್ಮವ್ವ ಅಡುಗೆಮನೆ ತೆರೆದರೆ, ಮಕ್ಕಳ ಹಾಲಿನ ಪುಡಿಯ ಎರಡು ಬಾಕ್ಸು ಇಲ್ಲ. ಗಾಬರಿಯಾಗಿ ತಾನೇ ಓಡಿ ಬಂದು ಸರ್‌ಗೆ ಹೇಳಿದಳು. ಆ ಕ್ಷಣ ಅವರಿಗೆ ಬಾಸುಂದಿಯ ರುಚಿ ಬಾಯಿಗೆ ಬಂತು. ನಿಜ ಹೇಳಬೇಕೆಂದರೆ, ಉಳಿದದ್ದನ್ನು ಯಾರೂ ಅವರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಆದರೂ ನೋಡೋಣ ತಡಿ ಪದ್ಮವ್ವಾ ಅಂದರು. ಆ ನೋಡೋಣದಲ್ಲೇ ಎರಡು ದಿನ ಕಳೆಯಿತು, ಊರೆಲ್ಲ ಸುದ್ದಿಯಾಯಿತು. ಕೀಲಿಕೈ ಇದ್ದವಳು ಪದ್ಮವ್ವ, ಹಾಗಾದರೆ ಕದ್ದವಳೂ ಪದ್ಮವ್ವ; ಊರಿಗೆ ಲೆಕ್ಕ ಇಷ್ಟು ಸುಲಭ.

ಬುಧವಾರ ಶಾಲೆಯ ಪಡಸಾಲೆಯಲ್ಲಿ ಸಮಿತಿ ಕೂಡಿತು. ಮೂವತ್ತು ನಲವತ್ತು ಜನ. ಮಕ್ಕಳನ್ನು ಒಳಗೆ ಕೂರಿಸಿದ್ದರು. ಪದ್ಮವ್ವ ಕಂಬಕ್ಕೆ ಒರಗಿ ನಿಂತು, ಒಂಬತ್ತು ವರ್ಷದಲ್ಲಿ ಮನೆಗೆ ಒಂದು ಹಿಡಿ ಬೇಳೆ ಕೂಡ ಒಯ್ದಿಲ್ಲ ಎಂದಳು. ಆಬಾಸಾಹೇಬರು ಮೆತ್ತಗೆ, ಯಾರೂ ನಿನ್ನನ್ನು ಪೊಲೀಸರಿಗೆ ಕೊಡುವುದಿಲ್ಲ ತಂಗಿ, ಕೆಲಸ ಬಿಟ್ಟರೆ ಸಾಕು ಎಂದರು. ಎಲ್ಲರೂ ಅವರ ದೊಡ್ಡತನಕ್ಕೆ ತಲೆದೂಗಿದರು. ವೃಷಭ ಸರ್ ನಡವಳಿ ಪುಸ್ತಕದ ಮೇಲೆ ಪೆನ್ನು ಹಿಡಿದು ಕೂತಿದ್ದರು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ನಾಲಿಗೆ ತುದಿಯ ತನಕ ತಂದುಕೊಳ್ಳುವುದು, ಮತ್ತೆ ನುಂಗುವುದು. ಕೀಲಿಕೈ ಕೊಟ್ಟದ್ದಕ್ಕೆ ತಮಗೆ ನೋಟೀಸು ಬರುತ್ತದೆ, ವರ್ಗಾವಣೆ ಕೆಡುತ್ತದೆ, ಇಷ್ಟು ಜನರೆದುರು ಆಬಾಸಾಹೇಬರ ಮರ್ಯಾದೆ ಹೋಗುತ್ತದೆ. ಶೀಲ್ಡು ಗೆದ್ದ ಬಾಯಿ ಅವತ್ತು ಹೊಲಿದಂತಾಗಿತ್ತು.

ಆಗ ವರ್ಗದ ಬಾಗಿಲು ತೆರೆದುಕೊಂಡು ನೀಲಮ ಹೊರಗೆ ಬಂದಳು. ಯಾರೂ ಕರೆದಿರಲಿಲ್ಲ. ಎರಡು ಕೈ ಬೆನ್ನ ಹಿಂದೆ ಕಟ್ಟಿ, ಸರ್ ಕಲಿಸಿದ ಹಾಗೆ ಎದೆ ಎತ್ತಿ ನಿಂತಳು.

"ಪದ್ಮಕ್ಕ ಒಯ್ದಿಲ್ರಿ. ಶನಿವಾರ ನಾ ನೀರಿಗಿ ಬಂದಾಗ ನೋಡೀನ್ರಿ. ಅಮೋಲಣ್ಣ ಹಾಲಿನ ಪುಡಿ ಬಾಕ್ಸ ಎರಡೂ ಪಾತೇಲಿ ಒಳಗ ಇಟ್ಟ ಟಮ್‌ಟಮ್ಮಿನ್ಯಾಗ ಹೇರಿದಾ."

ಆಬಾಸಾಹೇಬರು ಒಮ್ಮೆ ಅಮೋಲನ ಕಡೆ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತೋ, ಆ ನೋಟದಲ್ಲಿ ಗೊತ್ತಾಯಿತೋ, ದೇವರೇ ಬಲ್ಲ. ಅಮೋಲ ಫೋನಿನಿಂದ ತಲೆ ಎತ್ತಲಿಲ್ಲ. ಹಿಂದಿನಿಂದ ಯಾರೋ, ಹಾಗಾದರೆ ಭಂಡಾರ ಎತ್ತಲಿ ಅಂದರು. ನೀಲಮ ನೇರ ಹೋಗಿ ಹೆಂಗಸರ ನಡುವೆ ಕೂತ ಅಜ್ಜಿಯ ಮುಂದೆ ಕೈ ಒಡ್ಡಿದಳು. ಸೋನಾಬಾಯಿ ಕ್ಷಣ ಅನುಮಾನಿಸಿ, ಆಮೇಲೆ ಸೊಂಟದ ಚೀಲ ಬಿಚ್ಚಿ ಮೊಮ್ಮಗಳ ಅಂಗೈಗೆ ಭಂಡಾರ ಸುರಿದಳು. ಇದು ಅಡುಗೆಮನೆಯ ಅರಿಷಿಣವಲ್ಲ, ಮಲ್ಲಯ್ಯನ ಪಾದಕ್ಕೆ ಮುಟ್ಟಿಸಿ ತಂದದ್ದು. ನೀಲಮ ಕೈ ಎತ್ತಿ, ತಾನು ಹೇಳಿದ್ದು ಖರೆ ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾವ ಮಗುವಿನ ಕೈಯಾಗಿದ್ದರೂ ಮುಗಿಯುತ್ತಿತ್ತು. ಆಬಾಸಾಹೇಬರು ಮೆಲ್ಲಗೆ ನಕ್ಕರು.

"ಈ ವಕೀಲ್ರು ಶನಿವಾರಕ್ಕೊಮ್ಮೆ ಭಂಡಾರ ಎತ್ತತಾರ. ಒಂದ ವಾರ ಬಕಾಸುರ ಸಾವಕಾರ, ಮುಂದಿನ ವಾರ ಅವನ ಕಳ್ಳ. ಅದರಾಗ ಯಾವುದ ಖರೆ? ಸರ್, ನೀವ ಹೇಳ್ರಿ. ಚೀಟಿ ಬಂದಂಗ ಮಾತಾಡತಾರೋ ಇಲ್ಲೋ?"

ಜನ ನಗತೊಡಗಿದರು. ಬಿಗಿದ ಗಂಟು ಬಿಚ್ಚಿದ ಹಾಗಾಗಿತ್ತು ಅವರಿಗೆ. ಎಲ್ಲರೂ ಭಾನುವಾರ ಬಾಸುಂದಿ ಉಂಡವರೇ ಅಲ್ಲವೇ. ನೀಲಮ ಕೈ ಇಳಿಸದೆ ವೃಷಭ ಸರ್ ಕಡೆ ತಿರುಗಿದಳು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ, ನಂಬಿಕೆ ಇತ್ತು. ನಮ್ಮ ಸರ್ ಇದ್ದಾರೆ, ಈಗ ಎದ್ದು ನಿಂತು ಹೇಳುತ್ತಾರೆ ಎಂಬ ಭರವಸೆ. ವೃಷಭ ಸರ್ ಪೆನ್ನಿನ ಕ್ಯಾಪು ಹಾಕಿದರು, ತೆಗೆದರು.

"ಹೌದ್ರಿ," ಅಂದರು. "ಆಟದಾಗ ಚೀಟಿ ಬಂದಂಗ ಮಾತಾಡತಾರ್ರಿ."

ಹೇಳಿದ್ದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ಅದೇ ಅವರನ್ನು ಸುಡುವುದು. ಸುಳ್ಳಾಡಿದ್ದರೆ ಆಮೇಲೆ ಸುಳ್ಳಾಡಿದೆ ಎಂದು ಅಳಬಹುದಿತ್ತು. ಇವರು ಖರೆ ಮಾತನ್ನೇ ಆಡಿ ಒಂದು ಕೂಸಿನ ಖರೆಯನ್ನು ಕೊಂದರು. ನೀಲಮ ಕೈ ಕೆಳಗಿಳಿಸಿದಳು. ಭಂಡಾರ ಬೆರಳ ಸಂದಿಯಿಂದ ಫರಸಿಯ ಮೇಲೆ ಉದುರಿತು. ಸೋನಾಬಾಯಿ ಓಡಿ ಬಂದು, ಎಲ್ಲರೆದುರು ಮೊಮ್ಮಗಳ ಬೆನ್ನಿಗೆ ಎರಡು ಬಾರಿಸಿ, ದೇವರನ್ನು ಆಟಕ್ಕೆ ಹಚ್ಚುತ್ತೀಯಾ ಎಂದು ಎಳೆದುಕೊಂಡು ಹೋದಳು. ಪದ್ಮವ್ವ ಕೀಲಿಕೈ ತಂದು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ನಡೆದಳು. ನಡವಳಿ ಪುಸ್ತಕದಲ್ಲಿ ಅವಳನ್ನು ತೆಗೆದುಹಾಕಿದ ಠರಾವನ್ನು ವೃಷಭ ಸರ್ ತಮ್ಮ ಚೆಂದದ ಅಕ್ಷರದಲ್ಲಿ ಬರೆದರು.

ಮರುದಿನ ನೀಲಮ ಶಾಲೆಗೆ ಬಂದಳು. "ಹಾಜರ್ರಿ" ಅಂದಳು, ಕೂತಳು. ಪ್ರಶ್ನೆ ಕೇಳಿದರೆ ಹೌದ್ರಿ, ಇಲ್ರಿ. ವೃಷಭ ಸರ್ ಶನಿವಾರದ ಕೋರ್ಟನ್ನು ನಿಲ್ಲಿಸಿದರು. ಮಕ್ಕಳೂ ಎರಡು ವಾರ ಕೇಳಿ ಸುಮ್ಮನಾದವು. ಬರೆದು ತೋರಿಸು ಅಂದರೆ ಅವಳು ಬರೆಯುತ್ತಿದ್ದಳು, ಲೆಕ್ಕ ಮಾಡುತ್ತಿದ್ದಳು, ಹಾಡಿನಲ್ಲಿ ತುಟಿ ಆಡಿಸುತ್ತಿದ್ದಳು. ಮಾತು ಮಾತ್ರ ಇಲ್ಲ. ಹೊಸ ಅಡುಗೆಯವಳು ಬಂದಳು. ಹೊಸ ಬಾಕ್ಸು ಬಂದವು. ಊರು ಮರೆಯಿತು.

ಅಕ್ಟೋಬರಿನ ಒಂದು ಭಾನುವಾರ ಮಂಗಸೂಳಿಯಲ್ಲಿ ವೃಷಭ ಸರ್ ಹಾಲು ತರಲು ಹೊರಟಿದ್ದರು. ಮಲ್ಲಯ್ಯನ ಗುಡಿಯ ದಾರಿಯಲ್ಲಿ ಸೋನಾಬಾಯಿ, ಅವಳ ಹಿಂದೆ ನೀಲಮ, ಇಬ್ಬರೂ ಬರಿಗಾಲಲ್ಲಿ. ಹುಡುಗಿಯ ಮಡಿಲಲ್ಲಿ ಕಾಯಿ, ಹಣೆ ತುಂಬ ಭಂಡಾರ. ಸೋನಾಬಾಯಿ ನಿಂತು ತಾನಾಗಿಯೇ ಹೇಳಿದಳು: ಐದು ಭಾನುವಾರ ಮೊಮ್ಮಗಳನ್ನು ತೋಟದಿಂದ ನಡೆಸಿಕೊಂಡು ಬಂದು ತಪ್ಪಾಯಿತು ಎಂದು ಹಣೆ ಹಚ್ಚಿಸುವುದಾಗಿ ಹರಕೆ ಹೊತ್ತಿದ್ದಾಳಂತೆ, ಇದು ಮೂರನೆಯದು, ಕೂಸು ಭಂಡಾರದ ಮೇಲೆ ಸುಳ್ಳು ಆಣೆ ಮಾಡಿದೆ, ಮಲ್ಲಯ್ಯ ಮುನಿಯಬಾರದು. ಅಯ್ಯೋ, ಅವಳು ಖರೆ ಹೇಳಿದ ಆಣೆಗೆ ಈ ಶಿಕ್ಷೆ. ವೃಷಭ ಸರ್ ಕೈಯಲ್ಲಿ ಖಾಲಿ ಹಾಲಿನ ಡಬ್ಬಿ ಹಿಡಿದು ನಿಂತರು. ಹೇಳಬೇಕಿತ್ತು, ಅಲ್ಲೇ ರಸ್ತೆಯಲ್ಲಿ ಅಜ್ಜಿಯ ಕಾಲು ಹಿಡಿದಾದರೂ ಹೇಳಬೇಕಿತ್ತು. ಬಿಸಿಲು ಜಾಸ್ತಿಯಿದೆ, ಕೂಸಿಗೆ ನೀರು ಕುಡಿಸಿ ಎಂದಷ್ಟೇ ಹೇಳಿದರು. ನೀಲಮ ಅವರ ಮುಖ ನೋಡದೆ ಮುಂದೆ ಹೋದಳು. ಕಾಲ ಹಿಮ್ಮಡಿ ಒಡೆದಿತ್ತು.

ಅಂದಿನಿಂದ ಅವರಿಗೆ ನಿದ್ದೆ ಊಟ ಎರಡೂ ನೆಟ್ಟಗಾಗಲಿಲ್ಲ. ಡಿಸೆಂಬರಿನಲ್ಲಿ ತಡೆಯಲಾಗದೆ ಪದ್ಮವ್ವನನ್ನು ಹುಡುಕಿಕೊಂಡು ಹೋದರು. ಅವಳು ರಾಯಬಾಗ ತಾಲೂಕಿನ ಅಲಖನೂರಿನಲ್ಲಿ ಅಕ್ಕನ ಮನೆಯಲ್ಲಿದ್ದಳು, ಅವರಿವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಕಬ್ಬಿನ ಬದುವಿನ ಮೇಲೆ ಕೂತು ವೃಷಭ ಸರ್ ಎಲ್ಲ ಹೇಳಿದರು: ಕೀಲಿಕೈ ತಾವೇ ಕೊಟ್ಟದ್ದು, ಸೋಮವಾರ ಬೆಳಿಗ್ಗೆಯೇ ತಿಳಿದದ್ದು, ಹೆದರಿ ಸುಮ್ಮನಾದದ್ದು. ಪದ್ಮವ್ವ ಬೈಯುತ್ತಾಳೆಂದು ಕಾದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು, ಎರಡನೇ ಕೀಲಿಕೈ ನಿಮ್ಮ ಹತ್ತಿರ ಇದ್ದದ್ದು ನನಗೂ ಗೊತ್ತಿತ್ತಲ್ಲ ಸರ್ ಅಂದಳು. ಗೊತ್ತಿದ್ದೂ ಅವಳು ಅಂದು ಸಭೆಯಲ್ಲಿ ಹೇಳಿರಲಿಲ್ಲ. ಅವರಾಗಿಯೇ ಹೇಳಲಿ ಎಂದು ಕಾದಿದ್ದಳು.

ಕೆಲಸ ಮರಳಿ ಕೊಡಿಸುತ್ತೇನೆ ಎಂದಾಗ ಅವಳು ಬೇಡವೆಂದಳು. ಆ ಅಂಗಳ ಮತ್ತೆ ತುಳಿಯುವ ಮನಸ್ಸು ಅವಳಿಗಿರಲಿಲ್ಲ.

"ನಂದ ಬಿಡ್ರಿ ಸರ್, ಕೈ ಗಟ್ಟಿ ಅದಾವ, ದುಡಕೊಂಡ ತಿಂತೀನಿ. ಆ ಕೂಸ ಹೇಳಿದ್ದ ಖರೆ ಅಂತ ಮಂದಿ ಮುಂದ ಒಂದ ಸಲ ಹೇಳ್ರಿ. ಅಷ್ಟ ಮಾಡ್ರಿ."

ಜನವರಿ ಇಪ್ಪತ್ತಾರಕ್ಕೆ ಇಡೀ ತೋಟ ಶಾಲೆಗೆ ಬಂದಿತ್ತು. ಆಬಾಸಾಹೇಬರು ಝಂಡಾ ಹಾರಿಸಿದರು. ಪುಟ್ಟ ಮಕ್ಕಳ ಹಾಡು ಮುಗಿಯಿತು. ಮುಖ್ಯೋಪಾಧ್ಯಾಯರ ಭಾಷಣವೆಂದು ವೃಷಭ ಸರ್ ಮೈಕಿನ ಮುಂದೆ ನಿಂತರು. ಹಿಂದಿನ ದಿನ ಎಲ್ಲ ಬರೆದಿಟ್ಟುಕೊಂಡಿದ್ದರು. ಆ ಕಾಗದ ತೆಗೆಯಲಿಲ್ಲ.

ಕೀಲಿಕೈಯಿಂದ ಶುರು ಮಾಡಿದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಕೈಗೆ ಕೊಟ್ಟೆ ಎಂದು ಹೇಳಿದರು. ಅಮೋಲನ ಹೆಸರು ಹೇಳಿದರು. ನಾವೆಲ್ಲ ಕೂಡಿ ಉಂಡ ಬಾಸುಂದಿ ನಮ್ಮ ಮಕ್ಕಳ ಹಾಲಿನದು ಎಂದರು. ಪದ್ಮವ್ವ ಒಂಬತ್ತು ವರ್ಷ ಬೇಯಿಸಿ ಹಾಕಿದ ಅನ್ನದ ಮಾತಾಡಿದರು. ನೀಲಮಳ ಆಣೆ ಖರೆ ಇತ್ತು, ಸುಳ್ಳಾಗಿದ್ದು ನಾನು ಎಂದರು. ಮೂರು ವರ್ಷ ಶೀಲ್ಡು ಗೆದ್ದಾಗಲೂ ಹಾಗೆ ಮಾತಾಡಿರಲಿಲ್ಲ ಅವರು. ಹೆಂಗಸರು ಸೆರಗು ಬಾಯಿಗೆ ಹಿಡಿದರು.

ಮಾತು ಮುಗಿಯಿತು. ಆಮೇಲೆ ಆಬಾಸಾಹೇಬರು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖದಲ್ಲಿ ಅದೇ ಮೆತ್ತನೆಯ ನಗು.

"ವಾ ಸರ್, ವಾ! ಮಕ್ಕಳಿಗೆ ಹೆಂಗ ಕಲಸತೀರಿ ಅನ್ನೂದ ಇವತ್ತ ತಿಳೀತ ನೋಡ್ರಿ. ಇವತ್ತ ನಿಮಗ ಪದ್ಮವ್ವನ ಪರ ಚೀಟಿ ಬಂದಿತ್ತೇನ್ರಿ?"

ಜನ ಗೊಳ್ಳೆಂದು ನಕ್ಕರು. ಕಣ್ಣು ಒರೆಸಿಕೊಂಡವರೂ ನಕ್ಕರು, ಬದುಕಿದೆವು ಎಂಬಂತೆ. ಚಪ್ಪಾಳೆ ಹಿಂದಿನ ಸಾಲಿನ ತನಕ ಹಬ್ಬಿತು. ಎಲ್ಲರಿಗಿಂತ ಜೋರಾಗಿ ಅಮೋಲ ತಟ್ಟಿದ. ಇದು ಆಟ ಅಲ್ರಿ, ನಾ ಖರೆ ಹೇಳಾಕತ್ತೀನಿ ಎಂದು ವೃಷಭ ಸರ್ ಮೈಕಿನಲ್ಲಿ ಅಂದರು. ಚಪ್ಪಾಳೆ ಇನ್ನೂ ಜೋರಾಯಿತು. ಏನು ಮಾತಾಡತಾರಪ್ಪ ಈ ಸರ್, ಕಣ್ಣಾಗ ನೀರ ತರಸಿದ್ರು ಎಂದು ಯಾರೋ ಹಾಡಿ ಹೊಗಳಿದರು. ಸೋನಾಬಾಯಿ ಕೂಡ ಬಾಯಿತುಂಬ ನಕ್ಕು ಪಕ್ಕದವಳ ತೊಡೆಗೆ ಹೊಡೆದಳು. ನಂಬಿದರೆ ತಾನು ಮೊಮ್ಮಗಳಿಗೆ ಮಾಡಿದ್ದನ್ನೂ ನಂಬಬೇಕಾಗುತ್ತಿತ್ತು ಅವಳು, ಪಾಪ. ವೃಷಭ ಸರ್ ಮೈಕು ಬಿಟ್ಟು ಕೆಳಗಿಳಿದರು. ಯಾರು ಯಾರೋ ಕೈ ಕುಲುಕಿದರು, ಬೆನ್ನು ತಟ್ಟಿದರು.

ಗಲಾಟೆಯಲ್ಲಿ ಮಕ್ಕಳ ಸಾಲು ಚೆದುರಿ ಲಾಡು ಹಂಚುವ ಕಡೆ ಓಡಿತ್ತು. ನೀಲಮ ಓಡಲಿಲ್ಲ. ಅಂಗಳ ದಾಟಿ ನೇರ ಅವರ ಹತ್ತಿರ ಬಂದಳು. ನಾಲ್ಕು ತಿಂಗಳಿನಲ್ಲಿ ಮೊದಲ ಸಲ ತಲೆ ಎತ್ತಿ ಅವರ ಮುಖ ನೋಡಿದಳು. ವೃಷಭ ಸರ್ ಅವರ ಎದೆಯಲ್ಲಿ ಆಸೆ ಚಿಗುರಿತು: ಊರು ನಂಬದಿದ್ದರೆ ಬಿಡಲಿ, ಇವಳಿಗೆ ಖರೆ ಗೊತ್ತು, ಇವಳೊಬ್ಬಳು ಕ್ಷಮಿಸಿದರೆ ಸಾಕು.

"ಅವತ್ತ ಹೇಳಬೇಕಾಗಿತ್ರಿ ಸರ್," ಅಂದಳು ಹುಡುಗಿ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರ ಪಾಟಿಯ ಮೇಲೆ ಸರಿಯಾದ ಉತ್ತರ ಬರೆದು ತೋರಿಸುವ ಹಾಗೆ ಹೇಳಿ, ಲಾಡು ಹಂಚುವ ಸಾಲಿನ ಕೊನೆಗೆ ಹೋಗಿ ನಿಂತಳು.